ಮಿಲ್ಲಿನ ಸರದಿ, ಯಂತ್ರದ ಸರದಿ

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಹಿಟ್ಟಿನ ಮಿಲ್ಲಿಗೆ ಹೋಗಿ ಸರದಿಯಲ್ಲಿ ನಿಂತವರು ಇಲ್ಲಿ ಎಷ್ಟು ಜನ ಇದ್ದೀರಿ ಅಂತ ಮೊದಲೇ ಕೇಳಿಬಿಡುತ್ತೇನೆ. ಮುಕ್ಕಾಲು ಪಾಲು ಕೈಗಳು ಎದ್ದವು. ಸರಿ, ಹಾಗಾದರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ.

ನಾನು ಹುಡುಗನಾಗಿದ್ದಾಗ ಪ್ರತಿ ಶನಿವಾರ ಅಮ್ಮ ರಾಗಿ ಡಬ್ಬ ಹೊರಿಸಿ ಮಿಲ್ಲಿಗೆ ಕಳಿಸುತ್ತಿದ್ದರು. ಮಿಲ್ಲಿನ ಯಜಮಾನರನ್ನು ನಾವೆಲ್ಲ ಮಾವ ಅಂತಲೇ ಕರೆಯುತ್ತಿದ್ದೆವು. ಅಲ್ಲಿ ಡಬ್ಬಗಳು ಬಂದ ಕ್ರಮದಲ್ಲಿ ಸಾಲಾಗಿ ಕೂತಿರುತ್ತಿದ್ದವು, ಆದರೆ ಮಾವ ಆ ಕ್ರಮದಲ್ಲಿ ಬೀಸುತ್ತಿರಲಿಲ್ಲ. ಮದುವೆ ಮನೆಯವರು ಎರಡು ಮೂಟೆ ಅಕ್ಕಿ ಇಳಿಸಿ ಹೋಗಿದ್ದರೆ ಅದು ಗೋಡೆಗೆ ಒರಗಿಕೊಂಡೇ ಇರುತ್ತಿತ್ತು. ಒಂದು ಸೇರು ರಾಗಿ ತಂದ ಹುಡುಗನದು ಮೊದಲು. ಗೋಧಿಯವರು ನಡುವೆ ಬಂದರೆ, 'ಸ್ವಲ್ಪ ತಡಿ, ಇನ್ನೂ ಇಬ್ಬರು ರಾಗಿಯವರಿದ್ದಾರೆ' ಅನ್ನುತ್ತಿದ್ದರು. ಯಾಕೆ ಅಂದರೆ, ಧಾನ್ಯ ಬದಲಾಯಿಸಿದಾಗಲೆಲ್ಲ ಕಲ್ಲು ಕೊಡವಬೇಕು, ಚೀಲ ಒದರಬೇಕು, ಮೊದಲ ಹಿಡಿ ಹಿಟ್ಟು ಪಕ್ಕಕ್ಕೆ ಇಡಬೇಕು. ಒಣಮೆಣಸಿನಕಾಯಿಯ ಸರದಿ ಯಾವಾಗ ಅಂತ ನಿಮಗೇ ಗೊತ್ತು: ದಿನದ ಕೊನೆಗೆ.

1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕೆಲವರು ಕೂತು ಯೋಚಿಸಿದ್ದು ಇದೇ ಸಮಸ್ಯೆಯನ್ನು. ಅವರ ಹತ್ತಿರ ಇದ್ದದ್ದು ಒಂದೇ ಮಿಲ್ಲು, ಅಂದರೆ ಒಂದೇ ಕಂಪ್ಯೂಟರು, ಅದರ ಬೆಲೆ ಕೋಟಿಗಳಲ್ಲಿ, ಸರದಿಯಲ್ಲಿ ಇದ್ದವರು ಇಡೀ ವಿಶ್ವವಿದ್ಯಾಲಯದವರು. ಅವರು ಬರೆದ ವ್ಯವಸ್ಥೆಯ ಹೆಸರು ಕಂಪ್ಯಾಟಿಬಲ್ ಟೈಮ್-ಶೇರಿಂಗ್ ಸಿಸ್ಟಂ, ಮೊಟಕಾಗಿ ಸಿಟಿಎಸ್‌ಎಸ್. ಇವತ್ತಿನ ಮಾತು ಮುಖ್ಯವಾಗಿ ಅದರ ಬಗ್ಗೆ. ಬೇರೆ ಊರುಗಳ ಕಡೆಗೂ ಇಣುಕುತ್ತೇನೆ.

ಮೊದಲು ಅದಕ್ಕಿಂತ ಹಿಂದಿನ ಸ್ಥಿತಿ ಹೇಳಬೇಕು. ನೀವು ಪ್ರೋಗ್ರಾಂ ಬರೆದು, ಕಾರ್ಡುಗಳ ಮೇಲೆ ತೂತು ಹೊಡೆಸಿ, ಕಟ್ಟು ಕಟ್ಟಿ ಕಂಪ್ಯೂಟರ್ ಕೇಂದ್ರದ ಕಿಟಕಿಯಲ್ಲಿ ಕೊಟ್ಟು ಬರುತ್ತೀರಿ. ಆಪರೇಟರು ಹಲವರ ಕಟ್ಟುಗಳನ್ನು ಒಟ್ಟಿಗೆ ಟೇಪಿಗೆ ಹತ್ತಿಸುತ್ತಾನೆ. ಯಂತ್ರ ಒಂದಾದ ಮೇಲೊಂದು ಓಡಿಸುತ್ತದೆ. ಇದು ಬ್ಯಾಚ್ ಪದ್ಧತಿ. ಕೆಲವು ಗಂಟೆಗಳ ನಂತರ, ಎಷ್ಟೋ ಸಲ ಮರುದಿನ, ನಿಮ್ಮ ಕಾಗದ ಬರುತ್ತದೆ. ಅದರಲ್ಲಿ ಏಳನೇ ಕಾರ್ಡಿನಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ ಅಂತ ಇರುತ್ತದೆ. ತಿದ್ದಿ, ಮತ್ತೆ ಕಿಟಕಿ. ಯಂತ್ರ ಒಂದು ಕ್ಷಣವೂ ಸುಮ್ಮನಿರಬಾರದು, ಮನುಷ್ಯ ಎಷ್ಟು ಬೇಕಾದರೂ ಕಾಯಲಿ ಅನ್ನುವುದು ಆ ಪದ್ಧತಿಯ ಹಿಂದಿನ ಲೆಕ್ಕ. ಯಂತ್ರದ ಬೆಲೆ ನೋಡಿದರೆ ಅದು ತಪ್ಪೂ ಅಲ್ಲ.

ಈ ಲೆಕ್ಕವನ್ನು ತಿರುಗಿಸಿ ಹಾಕಬೇಕು ಅಂದವರಲ್ಲಿ ಜಾನ್ ಮೆಕಾರ್ಥಿ ಒಬ್ಬರು. 1959ರ ಜನವರಿ 1ರ ತಾರೀಕಿನ ಒಂದು ಟಿಪ್ಪಣಿಯಲ್ಲಿ, ಎಂಐಟಿಗೆ ಬರಲಿದ್ದ ಹೊಸ ಯಂತ್ರವನ್ನು ಹಲವರು ಒಟ್ಟಿಗೆ ಬಳಸುವಂತೆ ಮಾಡಬೇಕು ಅಂತ ಅವರು ಬರೆದರು. ಅದೇ ವರ್ಷ ಪ್ಯಾರಿಸ್ಸಿನ ಯುನೆಸ್ಕೊ ಸಮ್ಮೇಳನದಲ್ಲಿ ಇಂಗ್ಲೆಂಡಿನ ಕ್ರಿಸ್ಟೊಫರ್ ಸ್ಟ್ರೇಚಿ ಟೈಮ್ ಶೇರಿಂಗ್ ಅನ್ನುವ ಹೆಸರಿನಲ್ಲೇ ಪ್ರಬಂಧ ಓದಿದರು. ಆದರೆ ಇಬ್ಬರ ಮನಸ್ಸಿನಲ್ಲಿದ್ದದ್ದು ಬೇರೆ ಬೇರೆ. ಸ್ಟ್ರೇಚಿಯವರಿಗೆ ಬೇಕಿದ್ದದ್ದು ಒಂದು ಪ್ರೋಗ್ರಾಂ ಟೇಪಿಗೋ ಪ್ರಿಂಟರಿಗೋ ಕಾಯುವಾಗ ಯಂತ್ರ ಇನ್ನೊಂದನ್ನು ಓಡಿಸಬೇಕು ಅನ್ನುವುದು. ಮೆಕಾರ್ಥಿಯವರ ಕಣ್ಣೆದುರು ಇದ್ದದ್ದು ಟೈಪ್‌ರೈಟರಿನ ಮುಂದೆ ಕೂತ ಮನುಷ್ಯ. ಮುಂದೆ ಗೆದ್ದದ್ದು ಎರಡನೆಯ ಅರ್ಥ.

ಅದನ್ನು ಕೈಯಾರೆ ಮಾಡಿ ತೋರಿಸಿದವರು ಫರ್ನಾಂಡೊ ಕಾರ್ಬಟೊ, ಜೊತೆಗೆ ಮಾರ್ಜೊರಿ ಡ್ಯಾಗೆಟ್ ಮತ್ತು ರಾಬರ್ಟ್ ಡೇಲಿ. 1961ರ ನವೆಂಬರ್. ಯಂತ್ರ ಐಬಿಎಂ 709, ನಿರ್ವಾತ ಕೊಳವೆಗಳದ್ದು. ಅದಕ್ಕೆ ನಾಲ್ಕು ಫ್ಲೆಕ್ಸೊರೈಟರ್ ಟೈಪ್‌ರೈಟರುಗಳನ್ನು ಜೋಡಿಸಿದ್ದರು. ಮೆಮೊರಿ 32,768 ಪದಗಳದು, ಒಂದೊಂದು ಪದಕ್ಕೆ 36 ಬಿಟ್. ಇವತ್ತಿನ ಲೆಕ್ಕದಲ್ಲಿ 144 ಕಿಲೊಬೈಟ್, ನಿಮ್ಮ ವಾಟ್ಸಾಪಿಗೆ ಬೆಳಿಗ್ಗೆ ಬಂದ ಶುಭೋದಯದ ಚಿತ್ರ ಅದಕ್ಕಿಂತ ದೊಡ್ಡದಿರಬಹುದು. ಅದರಲ್ಲಿ ಸುಮಾರು 5,000 ಪದಗಳಷ್ಟು ಜಾಗವನ್ನು ಮೇಲ್ವಿಚಾರಣೆಯ ಪ್ರೋಗ್ರಾಂ, ಅಂದರೆ ಸೂಪರ್‌ವೈಸರ್, ಹಿಡಿದಿತ್ತು. ಉಳಿದ 27,000 ಬಳಕೆದಾರರಿಗೆ.

ಬಳಕೆದಾರರಿಗೆ ಅಂದೆ. ತಪ್ಪಾಯಿತು. ಬಳಕೆದಾರನಿಗೆ. ಒಂದು ಹೊತ್ತಿಗೆ ಒಬ್ಬನಿಗೆ.

ಇವತ್ತಿನ ಮಾತಿನ ತಿರುಳು ಇಲ್ಲೇ ಇದೆ. ಟೈಮ್ ಶೇರಿಂಗ್ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಕಾಲವನ್ನು ಬೆಲ್ಲದ ಅಚ್ಚಿನ ಹಾಗೆ ಚೂರು ಮಾಡಿ ಎಲ್ಲರಿಗೂ ಒಂದೊಂದು ಕೊಡುವ ಚಿತ್ರ. ನಾನೂ ಪಾಠ ಮಾಡುವಾಗ ವರ್ಷಗಟ್ಟಲೆ ಹಾಗೇ ಹೇಳಿದ್ದೇನೆ. ಚೂರು ಮಾಡುವುದು ಸುಲಭದ ಕೆಲಸ. ಯಂತ್ರಕ್ಕೊಂದು ಗಡಿಯಾರ ಕಟ್ಟಿದರೆ ಆಯಿತು, ಅದು ಹೊತ್ತು ಹೊತ್ತಿಗೆ ಗಂಟೆ ಬಾರಿಸಿ ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ಕಷ್ಟ ಇರುವುದು ಒಂದು ಚೂರಿಗೂ ಇನ್ನೊಂದಕ್ಕೂ ನಡುವಿನ ಕೆಲಸದಲ್ಲಿ. ಮೆಮೊರಿಯಲ್ಲಿ ಒಬ್ಬರಿಗಷ್ಟೇ ಜಾಗ. ಹಾಗಾಗಿ ಸರದಿ ಬದಲಾದಾಗಲೆಲ್ಲ ಒಳಗಿರುವವರ ಇಡೀ ಪ್ರೋಗ್ರಾಮನ್ನು ಹೊರಗೆ ಹೊತ್ತು, ಮುಂದಿನವರದನ್ನು ಒಳಗೆ ತರಬೇಕು. ಇದಕ್ಕೆ ಸ್ವಾಪ್ ಅಂತ ಹೆಸರು. ಆ ಮೊದಲ ಪ್ರದರ್ಶನದಲ್ಲಿ ಹೊರಗೆ ಅಂದರೆ ಮ್ಯಾಗ್ನೆಟಿಕ್ ಟೇಪು, ನಾಲ್ಕು ಜನಕ್ಕೆ ನಾಲ್ಕು ಟೇಪು ಯಂತ್ರ. ಒಬ್ಬರು ಟೈಪ್ ಮಾಡಿ ಮುಗಿಸಿದರೆ ಟೇಪು ಗರಗರ ಸುತ್ತಿ ಅವರ ಪ್ರೋಗ್ರಾಮನ್ನು ಒಳಗೆ ಸುರಿಯುತ್ತಿತ್ತು. ಮಾವ ಕಲ್ಲು ಕೊಡವುವುದೇ ಇದು.

ಆಮೇಲೆ ಡಿಸ್ಕ್ ಬಂತು, ಐಬಿಎಂ 1301. ಸೆಕೆಂಡಿಗೆ ಸುಮಾರು 90,000 ಅಕ್ಷರ ಸಾಗಿಸಬಲ್ಲದು. ಒಂದು ಪದದಲ್ಲಿ ಆರು ಅಕ್ಷರ, ಹಾಗಾಗಿ ಸೆಕೆಂಡಿಗೆ 15,000 ಪದ. 30,000 ಪದಗಳ ದೊಡ್ಡ ಪ್ರೋಗ್ರಾಮನ್ನು ಹೊರಗೆ ಸಾಗಿಸಲು 2 ಸೆಕೆಂಡ್, ಒಳಗೆ ತರಲು 2 ಸೆಕೆಂಡ್. ಡಿಸ್ಕಿನ ಮುಳ್ಳು ಜಾಗ ಹುಡುಕುವ ಹೊತ್ತನ್ನು ನಾನು ಸೇರಿಸಿಯೇ ಇಲ್ಲ. 1962ರ ಮೇನಲ್ಲಿ ಈ ಮೂವರು ಸ್ಯಾನ್‌ಫ್ರಾನ್ಸಿಸ್ಕೊದ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಒಂದು ಚೂರು, ಅವರ ಮಾತಿನಲ್ಲಿ ಒಂದು ಕ್ವಾಂಟಂ, 16 ಮಿಲಿಸೆಕೆಂಡ್ ಅಂತ ಇಟ್ಟುಕೊಂಡಿದ್ದಾರೆ. ಎಲ್ಲರಿಗೂ ಸಮನಾಗಿ ಒಂದೊಂದು ಕ್ವಾಂಟಂ ಹಂಚಿದರೆ ಏನಾಗುತ್ತದೆ ನೋಡಿ: 4 ಸೆಕೆಂಡ್ ಹೊತ್ತು ತರುವುದು, 16 ಮಿಲಿಸೆಕೆಂಡ್ ಬೀಸುವುದು, ಮತ್ತೆ 4 ಸೆಕೆಂಡ್ ಹೊರುವುದು. ಯಂತ್ರ ಹಮಾಲಿ ಆಯಿತು. ಸಮಪಾಲು ಅನ್ನುವುದು ಕೇಳುವುದಕ್ಕೆ ನ್ಯಾಯ, ಆದರೆ ಆ ಪಾಲು ಯಾರ ಕೈಗೂ ಸೇರುವುದಿಲ್ಲ.

ಕಾರ್ಬಟೊ ಕಂಡುಕೊಂಡ ದಾರಿ ಹೀಗಿದೆ. ಸರದಿ ಒಂದಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹಲವು. ಸೊನ್ನೆಯ ಮೆಟ್ಟಿಲಿನವರಿಗೆ ಒಂದು ಕ್ವಾಂಟಂ, ಒಂದನೆಯದಕ್ಕೆ ಎರಡು, ಆಮೇಲೆ ನಾಲ್ಕು, ಎಂಟು, ಹದಿನಾರು, ಹೀಗೆ ದುಪ್ಪಟ್ಟು. ಸಣ್ಣ ಅಂಕಿಯ ಮೆಟ್ಟಿಲಿನಲ್ಲಿ ಯಾರಾದರೂ ಇದ್ದರೆ ಅವರದೇ ಮೊದಲು. ಅಲ್ಲಿ ಯಾರೂ ಇಲ್ಲದಿದ್ದರೆ ಮಾತ್ರ ಮುಂದಿನ ಮೆಟ್ಟಿಲು. ಕೊಟ್ಟ ಹೊತ್ತಿನಲ್ಲಿ ಕೆಲಸ ಮುಗಿಯಲಿಲ್ಲವೋ, ನೀವು ಮುಂದಿನ ಮೆಟ್ಟಿಲಿಗೆ ಇಳಿಯುತ್ತೀರಿ. ಅಲ್ಲಿ ನಿಮ್ಮ ಸರದಿ ಬರುವುದು ತಡ, ಬಂದಾಗ ಸಿಗುವ ಹೊತ್ತು ಎರಡರಷ್ಟು.

ಐವತ್ತು ಕ್ವಾಂಟಂ ಬೇಕಾದ ಒಂದು ಕೆಲಸ ತೆಗೆದುಕೊಳ್ಳಿ. ಸಮಪಾಲು ಪದ್ಧತಿಯಲ್ಲಿ ಅದನ್ನು ಐವತ್ತು ಸಲ ಒಳಗೆ ತರಬೇಕು. ಮೆಟ್ಟಿಲು ಪದ್ಧತಿಯಲ್ಲಿ? ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಕೂಡಿದರೆ 31. ಉಳಿದದ್ದು 19, ಆರನೆಯ ಸಲ 32 ಸಿಗುತ್ತದೆ, ಮುಗಿಯಿತು. ಐವತ್ತರ ಜಾಗದಲ್ಲಿ ಆರು ಸಲ. ಯಾವ ಕೆಲಸ ದೊಡ್ಡದು, ಯಾವುದು ಚಿಕ್ಕದು ಅಂತ ಯಂತ್ರಕ್ಕೆ ಮೊದಲೇ ಗೊತ್ತಿಲ್ಲ ಅನ್ನುವುದನ್ನು ಗಮನಿಸಿ. ಮಾವನಿಗೆ ಡಬ್ಬ ಕಣ್ಣಿಗೆ ಕಾಣುತ್ತಿತ್ತು. ಇಲ್ಲಿ ಹಾಗಿಲ್ಲ. ಎಲ್ಲ ಕೆಲಸವನ್ನೂ ಚಿಕ್ಕದು ಅಂತ ನಂಬಿ ಶುರುಮಾಡು, ನಂಬಿಕೆ ಸುಳ್ಳಾದ ಹಾಗೆ ಕೆಳಗಿಳಿಸು. ನನಗೆ ಈ ಉಪಾಯದಲ್ಲಿ ಇಷ್ಟವಾಗುವುದು ಇದೇ. ಬಳಕೆದಾರನನ್ನು ನಿನ್ನ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ಕೇಳುವುದೇ ಇಲ್ಲ. ಕೇಳಿದ್ದರೆ ಅವನು ನಿಜ ಹೇಳುತ್ತಿದ್ದನೇ?

ಆದರೆ ಒಂದು ಸಂಗತಿ ಯಂತ್ರಕ್ಕೆ ಮೊದಲೇ ಗೊತ್ತಿರುತ್ತದೆ: ಪ್ರೋಗ್ರಾಂ ಎಷ್ಟು ಉದ್ದ ಇದೆ, ಅದನ್ನು ಹೊರಲು ಎಷ್ಟು ಹೊತ್ತು ಹಿಡಿಯುತ್ತದೆ. ಹಾಗಾಗಿ ಯಾವ ಮೆಟ್ಟಿಲಿನಲ್ಲಿ ಶುರುಮಾಡಬೇಕು ಅನ್ನುವುದನ್ನು ಉದ್ದದ ಮೇಲೆ ನಿರ್ಧರಿಸಿದರು. ಅವರ ಲೆಕ್ಕದಲ್ಲಿ ಒಂದು ಕ್ವಾಂಟಂ ಹೊತ್ತಿನಲ್ಲಿ 120 ಪದಗಳನ್ನು ಒಳಗೆ ತಂದು ಹೊರಗೆ ಹಾಕಬಹುದು. ಪ್ರೋಗ್ರಾಮಿನ ಉದ್ದ 120ರ ಎಷ್ಟು ಪಟ್ಟು ಅಂತ ನೋಡಿ, ಅದಕ್ಕೆ ಒಂದು ಕೂಡಿಸಿ, ಎರಡನ್ನು ಎಷ್ಟು ಸಲ ಗುಣಿಸಿದರೆ ಆ ಸಂಖ್ಯೆಯೊಳಗೆ ಹಿಡಿಯುತ್ತದೆ ಅಂತ ಎಣಿಸಿದರೆ ಅದೇ ಮೆಟ್ಟಿಲು. ನೂರು ಪದದ ಪುಟ್ಟ ಪ್ರೋಗ್ರಾಮಿಗೆ ಸೊನ್ನೆಯ ಮೆಟ್ಟಿಲು. ಸಾವಿರ ಪದದ್ದಕ್ಕೆ ಮೂರನೆಯದು, ಅಂದರೆ ಮೊದಲ ಸಲವೇ ಎಂಟು ಕ್ವಾಂಟಂ. 30,000 ಪದದ ಮೂಟೆಗೆ ಏಳನೆಯದು, 128 ಕ್ವಾಂಟಂ, ಹೆಚ್ಚುಕಡಿಮೆ 2 ಸೆಕೆಂಡ್. 4 ಸೆಕೆಂಡ್ ಹೊತ್ತು ತಂದದ್ದಕ್ಕೆ 2 ಸೆಕೆಂಡಾದರೂ ಓಡಲಿ ಅನ್ನುವ ವ್ಯಾಪಾರ. ಬಳಕೆದಾರ ಏನಾದರೂ ಟೈಪ್ ಮಾಡಿ ಉತ್ತರ ಕೊಟ್ಟ ಕೂಡಲೇ ಅವನ ಪ್ರೋಗ್ರಾಂ ಮತ್ತೆ ಮೊದಲಿನ ಮೆಟ್ಟಿಲಿಗೆ ಹತ್ತುತ್ತದೆ. ಟೈಪ್ ಮಾಡುತ್ತಿದ್ದಾನೆ ಅಂದರೆ ಎದುರಿಗೇ ಕೂತಿದ್ದಾನೆ ಅಂತ ಅರ್ಥ, ಅವನನ್ನು ಕಾಯಿಸಬಾರದು.

ಹೊರುವ ಕೆಲಸವನ್ನೂ ಕಡಿಮೆ ಮಾಡಲು ಒಂದು ಜಾಣತನ ಹೂಡಿದರು. ಒಳಗೆ 30,000 ಪದದ ಪ್ರೋಗ್ರಾಂ ಇದೆ, ಈಗ ಬರಬೇಕಾದದ್ದು 2,000 ಪದದ್ದು. ದೊಡ್ಡದನ್ನು ಪೂರ್ತಿ ಹೊರಗೆ ಹಾಕಬೇಕೆ? ಬೇಡ. ಹೊಸದಕ್ಕೆ ಬೇಕಾದ 2,000ದಷ್ಟು ಜಾಗ ಮಾತ್ರ ತೆರವು ಮಾಡಿ, ಉಳಿದದ್ದು ಇದ್ದಲ್ಲೇ ಇರಲಿ. ಇನ್ನೊಂದು ಚಿಕ್ಕದು ಬಂದರೆ ಅದಕ್ಕೂ ಹಾಗೇ. ದೊಡ್ಡದರ ಸರದಿ ಮತ್ತೆ ಬಂದಾಗ ತೆಗೆದ ಚೂರನ್ನಷ್ಟೇ ವಾಪಸ್ ಇಟ್ಟರೆ ಸಾಕು. ಪದರ ಪದರವಾಗಿ ಒಂದರ ಮೇಲೊಂದು ಕೂರುವುದರಿಂದ ಇದಕ್ಕೆ ಈರುಳ್ಳಿ ಸಿಪ್ಪೆ ಅಂತಲೇ ಹೆಸರಿಟ್ಟಿದ್ದರು.

ಯಂತ್ರದ ಕಡೆಯಿಂದಲೂ ಕೆಲವು ಬದಲಾವಣೆ ಬೇಕಾದವು. ಗಡಿಯಾರದ ಮಾತು ಆಗಲೇ ಹೇಳಿದೆ. ಒಬ್ಬನ ಪ್ರೋಗ್ರಾಂ ತನ್ನ ಗೆರೆ ದಾಟಿ ಸೂಪರ್‌ವೈಸರಿನ ಜಾಗಕ್ಕೆ ಕೈ ಹಾಕದಂತೆ ಬೇಲಿ ಬೇಕು. ಟೇಪು, ಡಿಸ್ಕುಗಳನ್ನು ನೇರವಾಗಿ ಮುಟ್ಟುವ ಆಜ್ಞೆ ಕೊಟ್ಟರೆ ಅದು ಸೂಪರ್‌ವೈಸರಿನ ಕೈಗೆ ಹೋಗಿ ಬೀಳಬೇಕು. ಐಬಿಎಂನವರು ಎಂಐಟಿಗಾಗಿ ಇವನ್ನೆಲ್ಲ ಸೇರಿಸಿಕೊಟ್ಟರು. ಮುಂದೆ 7094 ಯಂತ್ರಕ್ಕೆ ಹೋದಾಗ ಮೆಮೊರಿ ಎರಡು ಕೋಣೆಯಾಯಿತು: 32,768 ಪದಗಳ ಒಂದು ಕೋಣೆ ಪೂರ್ತಿ ಸೂಪರ್‌ವೈಸರಿಗೆ, ಅಷ್ಟೇ ದೊಡ್ಡ ಇನ್ನೊಂದು ಬಳಕೆದಾರರಿಗೆ. ಯಜಮಾನ ಒಂದು ಕೋಣೆಯಲ್ಲಿ, ಗಿರಾಕಿ ಇನ್ನೊಂದರಲ್ಲಿ.

ಹೆಸರಿನಲ್ಲಿ ಕಂಪ್ಯಾಟಿಬಲ್ ಅಂತ ಯಾಕಿದೆ ಅಂತ ಆಗಾಗ ಕೇಳುತ್ತಾರೆ. ಹಳೆಯ ಬ್ಯಾಚ್ ಪದ್ಧತಿಯವರು ಅದೇ ಯಂತ್ರವನ್ನು ನಂಬಿ ಬದುಕುತ್ತಿದ್ದರು, ಅವರಿಗೆ ತೊಂದರೆ ಆಗಬಾರದಿತ್ತು. ಹಾಗಾಗಿ ಟೈಪ್‌ರೈಟರಿನವರು ಫೋರ್‌ಗ್ರೌಂಡಿನಲ್ಲಿ, ಕಾರ್ಡಿನ ಕಟ್ಟುಗಳು ಬ್ಯಾಕ್‌ಗ್ರೌಂಡಿನಲ್ಲಿ. ಟೈಪ್‌ರೈಟರಿನವರು ಯೋಚಿಸುತ್ತಾ ಕೂತಾಗ ಕಟ್ಟುಗಳು ಓಡುತ್ತಿದ್ದವು. ನಿಮ್ಮ ಫೋನಿನ ಸೆಟ್ಟಿಂಗ್ಸಿನಲ್ಲಿ ಇವತ್ತೂ 'ಬ್ಯಾಕ್‌ಗ್ರೌಂಡ್' ಅಂತ ಬರುತ್ತದಲ್ಲ, ಆ ಮಾತಿನ ಬಳಕೆ ಅಷ್ಟು ಹಳೆಯದು.

1963ರಲ್ಲಿ ರಾಬರ್ಟ್ ಫಾನೊ ಅವರ ಮುಂದಾಳತ್ವದಲ್ಲಿ ಪ್ರಾಜೆಕ್ಟ್ ಮ್ಯಾಕ್ ಶುರುವಾಯಿತು. ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡು. ಸಿಟಿಎಸ್‌ಎಸ್ ಓಡಿಸಲು ಎರಡನೆಯ ಯಂತ್ರ ಬಂತು. ಕ್ಯಾಂಪಸ್ಸಿನ ಒಳಗೂ ಹೊರಗೂ ನೂರಕ್ಕೂ ಹೆಚ್ಚು ಟರ್ಮಿನಲ್ಲುಗಳು, ಟೆಲಿಫೋನ್ ತಂತಿಯ ಮೂಲಕ ಕರೆ ಮಾಡಿ ಸೇರಬಹುದು. ಆದರೆ ಏಕಕಾಲಕ್ಕೆ ಒಳಗೆ ಬಿಡುತ್ತಿದ್ದದ್ದು ಸುಮಾರು 30 ಜನರನ್ನು. ಯಾಕೆ 30?

ಇದಕ್ಕೆ ಉತ್ತರ ಕೊಟ್ಟವರು ಆಲನ್ ಶೆರ್ ಅನ್ನುವ ಸಂಶೋಧನಾ ವಿದ್ಯಾರ್ಥಿ. ಅವರು ಬಳಕೆದಾರರನ್ನು ಅಳೆದು ನೋಡಿದರು. ಮನುಷ್ಯ ಒಂದು ಉತ್ತರ ಬಂದ ಮೇಲೆ ಓದಿ, ಯೋಚಿಸಿ, ಟೈಪ್ ಮಾಡಿ ಮುಂದಿನ ಆಜ್ಞೆ ಕೊಡುವಷ್ಟರಲ್ಲಿ ಸರಾಸರಿ ಸುಮಾರು 35 ಸೆಕೆಂಡ್ ಆಗುತ್ತಿತ್ತು. ಆ ಆಜ್ಞೆ ಪೂರೈಸಲು ಯಂತ್ರಕ್ಕೆ ಬೇಕಾದದ್ದು ಸರಾಸರಿ ಒಂದು ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಅಂದರೆ ಒಬ್ಬರು ತಲೆ ಕೆರೆದುಕೊಳ್ಳುವ ಹೊತ್ತಿನಲ್ಲಿ ಹತ್ತಿರಹತ್ತಿರ ನಲವತ್ತು ಜನರ ಕೆಲಸ ಮುಗಿಸಬಹುದು. ಸ್ವಾಪಿನ ಹೊರೆಯನ್ನು ಕಳೆಯಿರಿ, ಮೂವತ್ತಕ್ಕೆ ಬಂದು ನಿಲ್ಲುತ್ತದೆ. ಇದಕ್ಕಾಗಿ ಅವರು ದೊಡ್ಡ ಸಿಮ್ಯುಲೇಷನ್, ಅಂದರೆ ಇಡೀ ವ್ಯವಸ್ಥೆಯನ್ನು ಅನುಕರಿಸುವ ಪ್ರೋಗ್ರಾಂ, ಬರೆದರು. ಜೊತೆಗೆ ಕಾರ್ಖಾನೆಯ ಒಂದು ಹಳೆಯ ಗಣಿತವನ್ನೂ ಹಚ್ಚಿ ನೋಡಿದರು: ಹಲವು ಯಂತ್ರಗಳು, ಅವು ಕೆಟ್ಟಾಗ ರಿಪೇರಿ ಮಾಡುವ ಒಬ್ಬನೇ ಮೆಕ್ಯಾನಿಕ್. ಮನುಷ್ಯ ಯೋಚಿಸುವುದು ಅಂದರೆ ಯಂತ್ರ ಸರಿಯಾಗಿ ಓಡುವುದು, ಆಜ್ಞೆ ಕೊಡುವುದು ಅಂದರೆ ಕೆಡುವುದು, ಕಂಪ್ಯೂಟರು ಮೆಕ್ಯಾನಿಕ್. ಮೆಟ್ಟಿಲುಗಳ ಅಷ್ಟೆಲ್ಲ ವಿವರ ಬಿಟ್ಟರೂ ಈ ಸರಳ ಗಣಿತ ನಿಜವಾದ ಅಳತೆಗೆ ತೀರಾ ಹತ್ತಿರ ಬಂತು. 1965ರ ಪಿಎಚ್.ಡಿ. ಪ್ರಬಂಧ ಅದು.

ಇದೇ ಶೆರ್ ಅವರದು ಇನ್ನೊಂದು ಕತೆ ಇದೆ, ಹೇಳದೆ ಬಿಡಲಾರೆ. ಯಂತ್ರದ ಕ್ಷಣಗಳನ್ನು ಸ್ಕೆಡ್ಯೂಲರ್, ಅಂದರೆ ಮೆಟ್ಟಿಲುಗಳ ಸರದಿ ನೋಡಿಕೊಳ್ಳುವ ಪ್ರೋಗ್ರಾಂ, ಹಂಚುತ್ತಿತ್ತು, ಸರಿ. ಆದರೆ ತಿಂಗಳಿಗೆ ಯಾರಿಗೆ ಎಷ್ಟು ಅನ್ನುವುದನ್ನು ಹಂಚುತ್ತಿದ್ದವರು ಆಫೀಸಿನವರು. ಪ್ರತಿಯೊಬ್ಬನಿಗೂ ಪಾಳಿವಾರು ಇಷ್ಟು ಯಂತ್ರದ ಕಾಲ, ಡಿಸ್ಕಿನಲ್ಲಿ ಇಷ್ಟು ಜಾಗ ಅಂತ ಕೋಟಾ. ಹಗಲಿನ ಪಾಳಿಯದು ತುಟ್ಟಿ, ರಾತ್ರಿಯದು ಸಲೀಸು. ಒಂದೊಂದು ಗುಂಪಿಗೂ ಇಷ್ಟು ಲೈನು ಅಂತ ಮೀಸಲು. ನಿಮ್ಮ ಗುಂಪಿನ ಲೈನು ತುಂಬಿದ್ದರೆ ಸ್ಟ್ಯಾಂಡ್‌ಬೈ ಆಗಿ ಒಳಗೆ ಬಿಡುತ್ತಿದ್ದರು. ಹಕ್ಕುದಾರರು ಬಂದ ಕೂಡಲೇ ಯಂತ್ರವೇ ನಿಮ್ಮನ್ನು ಹೊರಗೆ ಕಳಿಸುತ್ತಿತ್ತು. ಬಸ್ಸಿನಲ್ಲಿ ರಿಸರ್ವೇಷನ್ ಸೀಟಿನ ಮೇಲೆ ಕೂತ ಹಾಗೆ. ಕೋಟಾ ಜಾರಿಯಾಗಬೇಕಾದರೆ ಯಾರು ಯಾರು ಅಂತ ಗುರುತು ಸಿಗಬೇಕು, ಅದಕ್ಕೆ ಪಾಸ್‌ವರ್ಡ್ ಇಟ್ಟರು. ಪಾಸ್‌ವರ್ಡ್ ಬಳಸಿದ ತೀರಾ ಮೊದಲ ಕಂಪ್ಯೂಟರುಗಳಲ್ಲಿ ಇದೂ ಒಂದು.

1962ರಲ್ಲಿ ಶೆರ್ ಅವರಿಗೆ ಇದ್ದ ಪಾಲು ವಾರಕ್ಕೆ 4 ಗಂಟೆ. ಅವರ ಸಿಮ್ಯುಲೇಷನ್ನಿಗೆ ಅದು ಎಲ್ಲಿ ಸಾಕು? ಫೈಲುಗಳನ್ನು ಮುದ್ರಿಸಿಕೊಡಿ ಅಂತ ಕಾರ್ಡಿನ ಮೂಲಕ ಕೋರುವ ವ್ಯವಸ್ಥೆ ಇತ್ತು. ಒಂದು ಶುಕ್ರವಾರ ರಾತ್ರಿ ಅವರು ಪಾಸ್‌ವರ್ಡ್ ಫೈಲಿನ ಹೆಸರನ್ನೇ ಕಾರ್ಡಿನ ಮೇಲೆ ಹೊಡೆದು ಕೊಟ್ಟರು. ಶನಿವಾರ ಹೋಗಿ, ಮುದ್ರಿತ ಕಾಗದಗಳನ್ನು ಇಡುವ ಜಾಗದಿಂದ ಎತ್ತಿಕೊಂಡು ಬಂದರು. ಆಮೇಲೆ ಬೇರೆಯವರ ಪಾಲಿನಲ್ಲಿ ಕೆಲಸ ಸಾಗಿತು. ಬಹಳ ವರ್ಷಗಳ ನಂತರ ಇದನ್ನು ಅವರೇ ಹೇಳಿಕೊಂಡಿದ್ದಾರೆ. ಹಂಚಿಕೆ ಎಷ್ಟು ಚೆನ್ನಾಗಿ ನಡೆಯುತ್ತಿದೆ ಅಂತ ಅಳೆಯುವ ಕೆಲಸಕ್ಕೇ ಪಾಲು ಸಾಲದೆ ಹೋಯಿತು ನೋಡಿ.

ಸ್ಕೆಡ್ಯೂಲರಿಗೂ ಇಂಥದೇ ಒಂದು ಟೋಪಿ ಹಾಕಿದವರಿದ್ದರು ಅಂತ ಹೇಳುತ್ತಾರೆ. ಟೈಪ್ ಮಾಡಿದ ಕೂಡಲೇ ಮೇಲಿನ ಮೆಟ್ಟಿಲು ಸಿಗುತ್ತದಲ್ಲವೇ? ದೊಡ್ಡ ಲೆಕ್ಕ ಓಡಿಸಿಟ್ಟು ಕೂತವನೊಬ್ಬ ಆಗಾಗ ಸುಮ್ಮನೆ ರಿಟರ್ನ್ ಕೀಲಿ ಒತ್ತಿ ನೋಡಿದ. ಅವನ ಕೆಲಸ ಸರಸರ ಮುಗಿಯಿತು. ಗೆಳೆಯರಿಗೂ ಹೇಳಿದ. ಪಾಠ ಮಾಡುವವರೆಲ್ಲ ಹೇಳುವ ಕತೆ ಇದು. ನನ್ನ ವಿದ್ಯಾರ್ಥಿಗಳು ಇಡೀ ಅಧ್ಯಾಯದಲ್ಲಿ ನೆನಪಿಟ್ಟುಕೊಳ್ಳುತ್ತಿದ್ದದ್ದೂ ಇದೊಂದನ್ನೇ.

ಇನ್ನೊಂದು ಅವಾಂತರ 1966ರದು. ಒಂದು ಡೈರೆಕ್ಟರಿಯಲ್ಲಿ ಒಂದು ಹೊತ್ತಿಗೆ ಒಬ್ಬನೇ ಕೆಲಸ ಮಾಡುತ್ತಾನೆ ಅನ್ನುವ ಊಹೆಯ ಮೇಲೆ ಎಡಿಟರ್, ಅಂದರೆ ಫೈಲು ತಿದ್ದುವ ಪ್ರೋಗ್ರಾಮನ್ನು, ಬರೆದಿದ್ದರು, ಅದು ಬಳಸುವ ತಾತ್ಕಾಲಿಕ ಫೈಲಿಗೆ ಒಂದೇ ಹೆಸರು. ಸಿಸ್ಟಂ ನೋಡಿಕೊಳ್ಳುವವರಿಗೆ ಮಾತ್ರ ಅನುಕೂಲಕ್ಕಾಗಿ ಇಬ್ಬರೂ ಒಟ್ಟಿಗೆ ಕೂರುವ ಅವಕಾಶ ಆಮೇಲೆ ಕೊಟ್ಟರು. ಒಂದು ದಿನ ಒಬ್ಬರು ಪಾಸ್‌ವರ್ಡ್ ಫೈಲನ್ನು ತಿದ್ದುತ್ತಿದ್ದರು, ಇನ್ನೊಬ್ಬರು ಲಾಗಿನ್ ಆದವರಿಗೆ ಕಾಣುವ ದಿನದ ಸೂಚನೆಯನ್ನು. ಎರಡೂ ಅದಲು ಬದಲಾದವು. ಅಂದು ಲಾಗಿನ್ ಆದವರ ಟೈಪ್‌ರೈಟರು ಎಲ್ಲರ ಪಾಸ್‌ವರ್ಡುಗಳನ್ನೂ ಟಕಟಕ ಹೊಡೆಯತೊಡಗಿತು. ಕಂಪ್ಯೂಟರ್ ಲೋಕದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂದಾಗಿನ ಉಪನ್ಯಾಸದಲ್ಲಿ ಕಾರ್ಬಟೊ ತಾವೇ ಇದನ್ನು ಹೇಳಿದರು. ಹಂಚಿಕೊಳ್ಳುವ ವಸ್ತುಗಳಲ್ಲಿ ಹೆಸರೂ ಒಂದು ಅಂತ ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ.

ಸಿಟಿಎಸ್‌ಎಸ್‌ನಲ್ಲಿ ನನಗೆ ತುಂಬಾ ಮೆಚ್ಚುಗೆಯಾದ ಒಂದು ಚಿಕ್ಕ ವಿವರ ಇದೆ. ಪ್ರತಿ ಆಜ್ಞೆ ಮುಗಿದಾಗಲೂ ಟೈಪ್‌ರೈಟರು ಒಂದು ಸಾಲು ಹೊಡೆಯುತ್ತಿತ್ತು. ಮೊದಲಿಗೆ 'ಆರ್' ಅನ್ನುವ ಅಕ್ಷರ, ಅಂದರೆ ರೆಡಿ. ಅದರ ಮುಂದೆ ಎರಡು ಸಂಖ್ಯೆ, ನಡುವೆ ಕೂಡುವ ಚಿಹ್ನೆ. ಉದಾಹರಣೆಗೆ, ಆರ್ 4.2+1.3. ಮೊದಲನೆಯದು ನಿಮ್ಮ ಪ್ರೋಗ್ರಾಂ ಓಡಿದ ಸೆಕೆಂಡುಗಳು, ಎರಡನೆಯದು ಅದನ್ನು ಹೊತ್ತಾಡಿದ ಸೆಕೆಂಡುಗಳು. ಬೀಸಿದ್ದು ಇಷ್ಟು, ಕಲ್ಲು ಕೊಡವಿದ್ದು ಇಷ್ಟು ಅಂತ ಬಿಡಿಬಿಡಿಯಾಗಿ ಚೀಟಿ ಬರೆದು ಕೊಟ್ಟ ಹಾಗೆ. ಇವತ್ತಿನ ಯಾವ ಯಂತ್ರವೂ ನನಗೆ ಹೀಗೆ ಪ್ರತಿ ಕೆಲಸಕ್ಕೂ ಲೆಕ್ಕ ಒಪ್ಪಿಸುವುದಿಲ್ಲ.

ಬೇರೆ ಕಡೆ ಬೇರೆ ದಾರಿ ಹಿಡಿದವರೂ ಇದ್ದರು. ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಸ್ ಕೆಲಸವನ್ನು ಎರಡು ಯಂತ್ರಕ್ಕೆ ಹಂಚಿದರು. ಡೇಟಾನೆಟ್-30 ಅನ್ನುವ ಚಿಕ್ಕದು ಬಾಗಿಲಲ್ಲಿ ನಿಂತು ಎಲ್ಲ ಟೆಲಿಟೈಪುಗಳ ಮಾತು ಕೇಳಿಕೊಳ್ಳುತ್ತಿತ್ತು, ಪಕ್ಕದ ದೊಡ್ಡದು ಲೆಕ್ಕ ಮಾಡುತ್ತಿತ್ತು. 1964ರ ಮೇ 1ರ ಬೆಳಗಿನ ಜಾವ 4 ಗಂಟೆಗೆ ಅದು ಮೊದಲು ಓಡಿತು, ಬೇಸಿಕ್ ಭಾಷೆಯೂ ಅದರ ಜೊತೆಗೇ ಹುಟ್ಟಿತು. ಅಲ್ಲಿ ಬರುತ್ತಿದ್ದವರು ಪದವಿ ವಿದ್ಯಾರ್ಥಿಗಳು, ಪ್ರೋಗ್ರಾಮುಗಳು ಪುಟ್ಟವು, ಎಲ್ಲರ ಡಬ್ಬವೂ ಒಂದೇ ಅಳತೆ. ಕೆಮೆನಿ ಕಂಪ್ಯೂಟರನ್ನು ಗ್ರಂಥಾಲಯಕ್ಕೆ ಹೋಲಿಸುತ್ತಿದ್ದರು, ಯಾರು ಬೇಕಾದರೂ ಬಂದು ಕಪಾಟಿಗೆ ಕೈ ಹಾಕಬಹುದು ಅಂತ. ಈ ಕೋಣೆಯಲ್ಲಿ ನಿಂತು ಅದನ್ನು ಹೇಳುವುದು ನನಗೆ ಖುಷಿ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನವರದು ಇನ್ನೂ ಆಳವಾದ ಉಪಾಯ. 1962ರ ಅಟ್ಲಾಸ್ ಯಂತ್ರದಲ್ಲಿ ಟಾಮ್ ಕಿಲ್ಬರ್ನ್ ಮತ್ತು ಸಂಗಡಿಗರು ಮೆಮೊರಿಯನ್ನು 512 ಪದಗಳ ಪುಟಗಳಾಗಿ ಕತ್ತರಿಸಿದರು. ಒಳಗೆ ಇದ್ದದ್ದು 32 ಪುಟಗಳಿಗೆ ಜಾಗ, ಹಿಂದೆ ಡ್ರಮ್ ಅನ್ನುವ ನಿಧಾನದ ಉಗ್ರಾಣದಲ್ಲಿ ಅದರ ಆರರಷ್ಟು. ಪ್ರೋಗ್ರಾಮನ್ನು ಇಡಿಯಾಗಿ ಹೊರುವುದೇ ಬೇಡ, ಈಗ ಬೇಕಾದ ಪುಟ ಮಾತ್ರ ತಂದರೆ ಸಾಕು. ಯಾವ ಪುಟ ಸದ್ಯಕ್ಕೆ ಬೇಡವಾಗಬಹುದು ಅಂತ ಹಿಂದಿನ ಬಳಕೆ ನೋಡಿ ಯಂತ್ರವೇ ಊಹಿಸುತ್ತಿತ್ತು. ಎಂಐಟಿಯವರು ಮುಂದೆ ಮಲ್ಟಿಕ್ಸ್ ಅನ್ನುವ ಹೊಸ ವ್ಯವಸ್ಥೆ ಕಟ್ಟುವಾಗ ಪುಟಗಳ ದಾರಿಯನ್ನೇ ಹಿಡಿದರು.

ಹೊರುವ ತಾಪತ್ರಯ ತೀರಿತು ಅಂದುಕೊಂಡಿರಾ? ಇಲ್ಲ, ವೇಷ ಬದಲಾಯಿತು ಅಷ್ಟೆ. ಎಲ್ಲರದೂ ಒಂದೊಂದು ಹಿಡಿ ಒಳಗೆ ಇದ್ದರೆ ಸಾಕಲ್ಲ ಅಂತ ಹೆಚ್ಚು ಹೆಚ್ಚು ಜನರನ್ನು ಬಿಟ್ಟುಕೊಂಡರು. ಒಂದು ಮಿತಿ ದಾಟಿದ ಮೇಲೆ ಯಾರಿಗೂ ಬೇಕಾದಷ್ಟು ಪುಟ ಒಳಗೆ ಉಳಿಯಲಿಲ್ಲ. ಇವನಿಗೆ ಪುಟ ತರಲು ಅವನದನ್ನು ಕಿತ್ತರು, ಅವನು ಎದ್ದು ತನ್ನದು ಕೇಳಿದ, ಇವನದನ್ನು ಕಿತ್ತರು. ಡಿಸ್ಕು ಬಡಬಡ ಓಡುತ್ತದೆ, ಲೆಕ್ಕ ಒಂದಿಂಚು ಮುಂದೆ ಹೋಗುವುದಿಲ್ಲ. ಇದಕ್ಕೆ ಥ್ರ್ಯಾಶಿಂಗ್ ಅನ್ನುತ್ತಾರೆ, ನಾನು ತರಗತಿಯಲ್ಲಿ ಒದ್ದಾಟ ಅಂತ ಹೇಳುತ್ತಿದ್ದೆ. ಪೀಟರ್ ಡೆನ್ನಿಂಗ್ 1968ರಲ್ಲಿ ಕಾರಣ ಬಿಡಿಸಿ ಇಟ್ಟರು: ಪ್ರತಿ ಪ್ರೋಗ್ರಾಮಿಗೂ ಆ ಹೊತ್ತಿಗೆ ಕೈಯಳತೆಯಲ್ಲಿ ಬೇಕಾದ ಪುಟಗಳ ಒಂದು ಗುಂಪು ಇರುತ್ತದೆ. ಅಷ್ಟಕ್ಕೂ ಜಾಗ ಇದ್ದರೆ ಮಾತ್ರ ಅದನ್ನು ಒಳಗೆ ಬಿಡಿ, ಇಲ್ಲದಿದ್ದರೆ ಹೊರಗೇ ಕೂರಿಸಿ. ಕಾಲದ ಹಂಚಿಕೆ, ಜಾಗದ ಹಂಚಿಕೆ ಬೇರೆ ಬೇರೆ ಅಂದುಕೊಂಡು ಎರಡು ಕೈಗೆ ಕೊಟ್ಟರೆ ಕೆಡುತ್ತದೆ ಅನ್ನುವುದು ಆ ಪ್ರಬಂಧಗಳಿಂದ ನನಗೆ ದಕ್ಕಿದ ಮಾತು. ಹಳೆಯ ಕಂಪ್ಯೂಟರಿನಲ್ಲಿ ಬ್ರೌಸರಿನ ನಲವತ್ತು ಟ್ಯಾಬ್ ತೆರೆದು ನೋಡಿ, ಡೆನ್ನಿಂಗ್ ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ.

ಈ ಮೆಟ್ಟಿಲುಗಳು ಈಗಲೂ ಇವೆ. ವಿಂಡೋಸಿನಲ್ಲಿ 32 ಆದ್ಯತೆಯ ಹಂತಗಳಿವೆ, ಕೀಲಿ ಒತ್ತಿದ್ದಕ್ಕೋ ಮೌಸ್ ಆಡಿಸಿದ್ದಕ್ಕೋ ಕಾಯುತ್ತಿದ್ದ ಪ್ರೋಗ್ರಾಮು ಎದ್ದಾಗ ಅದನ್ನು ಸ್ವಲ್ಪ ಮೇಲೆ ಹತ್ತಿಸುತ್ತಾರೆ. ಎದುರಿಗೆ ಕೂತವನನ್ನು ಕಾಯಿಸಬಾರದು ಅನ್ನುವ ಅದೇ ನಿಯಮ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ 1980ರ ದಶಕದಲ್ಲಿ ಡೆಕ್ 1090 ಅನ್ನುವ ಕಂಪ್ಯೂಟರಿನ ಟರ್ಮಿನಲ್ ಮುಂದೆ ಕೂತಿದ್ದವರು ಇಲ್ಲಿ ಯಾರಾದರೂ ಇದ್ದರೆ, ಸಂಜೆ ಹೊತ್ತು ಉತ್ತರಕ್ಕೆ ಕಾಯುವುದು ಅಂದರೇನು ಅಂತ ನನಗಿಂತ ಚೆನ್ನಾಗಿ ಅವರು ಹೇಳಬಲ್ಲರು.

ಇಲ್ಲಿಗೆ ನಿಲ್ಲಿಸಿ ಪ್ರಶ್ನೆಗಳಿಗೆ ಬಂದೆ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: 'ಮೇಷ್ಟ್ರೇ, ನಿಮ್ಮ ಮಿಲ್ಲಿನ ಮಾವ ಸಣ್ಣ ಡಬ್ಬ ಬಂದಾಗಲೆಲ್ಲ ಅದನ್ನೇ ಬೀಸುತ್ತಾ ಹೋದರೆ ಮದುವೆ ಮನೆ ಮೂಟೆಯ ಗತಿ ಏನು?'

ಸರಿಯಾದ ಪ್ರಶ್ನೆ. ಸಣ್ಣವರು ಬರುತ್ತಲೇ ಇದ್ದರೆ ಕೆಳಗಿನ ಮೆಟ್ಟಿಲಿನವನಿಗೆ ಸರದಿಯೇ ಬರದೆ ಹೋಗಬಹುದು. ಅದಕ್ಕೆ ಸಿಟಿಎಸ್‌ಎಸ್‌ನಲ್ಲಿ ಮುಂದೆ ಒಂದು ನಿಯಮ ಸೇರಿಸಿದರು: ಒಂದೇ ಮೆಟ್ಟಿಲಿನಲ್ಲಿ 60 ಸೆಕೆಂಡ್ ಸುಮ್ಮನೆ ಕಾದವನನ್ನು ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸು. ಮಾವನ ನಿಯಮವೂ ಅದೇ, ಅವರ ಘಟಕ ಮಾತ್ರ ಬೇರೆ. ಮದುವೆಗೆ ಎರಡು ದಿನ ಇದೆ ಅಂದಾಗ ಬಾಗಿಲು ಅರ್ಧ ಎಳೆದು ಆ ಮೂಟೆಗಳನ್ನೇ ಹಾಕಿಕೊಂಡು ಕೂರುತ್ತಿದ್ದರು, ನಮ್ಮ ಡಬ್ಬಗಳು ಕಾಯುತ್ತಿದ್ದವು.

ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಎದ್ದು ನಿಂತಳು. 'ಸಾರ್, 1973ರಲ್ಲಿ ಎಂಐಟಿಯ ಆ ಯಂತ್ರ ನಿಲ್ಲಿಸುವಾಗ, 1967ರಲ್ಲಿ ಕೊಟ್ಟ ಒಂದು ಕೆಲಸ ಇನ್ನೂ ಸರದಿಯಲ್ಲೇ ಕಾಯುತ್ತಿತ್ತಂತೆ. ನಮ್ಮ ಪಠ್ಯದಲ್ಲಿದೆ. ನಿಜವಾ?'

ಪಠ್ಯದಲ್ಲೂ ಅದು ವದಂತಿ ಅಂತಲೇ ಇದೆ ಕಣಮ್ಮ, ಇನ್ನೊಮ್ಮೆ ನೋಡು. ಯಂತ್ರ ನಿಂತದ್ದು ನಿಜ, 1973ರ ಜುಲೈನಲ್ಲಿ. ಆದರೆ ಈಗಷ್ಟೇ ಇವರಿಗೆ ಹೇಳಿದ 60 ಸೆಕೆಂಡಿನ ನಿಯಮ ಇಟ್ಟುಕೊಂಡು ಲೆಕ್ಕ ಹಾಕು. ಆರು ವರ್ಷದಲ್ಲಿ ಆ ಕೆಲಸ ಎಷ್ಟು ಮೆಟ್ಟಿಲು ಹತ್ತಬೇಕಿತ್ತು?

ಅವಳು ಫೋನು ತೆಗೆದಳು. ಪಕ್ಕದಲ್ಲಿದ್ದವಳು ಮನಸ್ಸಿನಲ್ಲೇ ಗುಣಿಸಿ, 'ಮೂವತ್ತು ಲಕ್ಷಕ್ಕೂ ಮೇಲೆ' ಅಂದಳು. ಅಲ್ಲಿ ಇದ್ದದ್ದು ಒಂಬತ್ತೇ ಮೆಟ್ಟಿಲು.